ಯಜಮಾನರ ಹೆಸರೇ ಪಾಸ್‌ವರ್ಡ್

ಜುಲೈ ತಿಂಗಳು ಬಂತೆಂದರೆ ನಮ್ಮ ಕಡೆ ಎರಡು ಸಂಗತಿ ತಪ್ಪುವುದಿಲ್ಲ. ಒಂದು, ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುವುದು. ಇನ್ನೊಂದು, ನನ್ನ ಗಿರಾಕಿಗಳಲ್ಲಿ ಯಾರಾದರೂ ಒಬ್ಬರು "ಸಾರ್, ರಿಫಂಡ್ ಬಂತು! ಲಿಂಕ್ ಒತ್ತಿದರೆ ಆಯ್ತಂತೆ" ಎಂದು ಮೆಟ್ಟಿಲು ಹತ್ತಿ ಬರುವುದು. ಲೋಕಲ್ಲಾದರೂ ಒಂದೆರಡು ಗಂಟೆಯಲ್ಲಿ ಹೊರಡುತ್ತದೆ. ಲಿಂಕ್ ಒತ್ತಬೇಡಿ ಎಂದು ಇವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಂಜೆಯಾಗುತ್ತದೆ.

ನಾನು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವನು. ಊರು ಉಡುಪಿ ಕಡೆ, ಆಫೀಸು ಡೊಂಬಿವಲಿ ಪೂರ್ವಕ್ಕೆ ಸ್ಟೇಷನ್ನಿನ ಹತ್ತಿರ, ಫರಸಾಣ್ ಎಂಬ ಕರಿದ ತಿಂಡಿಯ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಗಾಠಿಯಾ ಕರಿಯುವ ವಾಸನೆ ಎದ್ದರೆ ಮೇಲೆ ಗಿರಾಕಿಗಳಿಗೆ ಸಂಬಳದ ಲೆಕ್ಕ ಮರೆತುಹೋಗುತ್ತದೆ. ಮೊದಮೊದಲು ಜನ ಕಾಗದದ ಕಟ್ಟು ಹಿಡಿದು ಬರುತ್ತಿದ್ದರು. ಎಲ್ಲ ಆನ್‌ಲೈನ್ ಆದ ಮೇಲೆ ಖಾಲಿ ಕೈಯಲ್ಲಿ ಬರತೊಡಗಿದರು, ಜೊತೆಗೆ ಕಳ್ಳರೂ ಆನ್‌ಲೈನ್ ಆದರು. ಹಾಗಾಗಿ ರಿಟರ್ನ್ ತುಂಬುವುದಕ್ಕಿಂತ ಬುದ್ಧಿ ಹೇಳುವುದೇ ನನ್ನ ಮುಖ್ಯ ಕಸುಬಾಯಿತು. ಬುದ್ಧಿ ಹೇಳುವುದಕ್ಕೆ ಫೀ ಸಿಗುವುದಿಲ್ಲ, ಆದರೆ ನನಗೆ ಅದರ ಚಟ. ನನ್ನ ಹೆಂಡತಿ ಇದನ್ನು ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದಳು.

ಗುಟ್ಟಿನ ಮಾತು

ಕಲ್ಯಾಣದಲ್ಲಿ ವಿಜಾಪುರದ ಕಡೆಯ ದಂಪತಿ ಇದ್ದರು. ಯಜಮಾನರು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕಾಟಾದ ಗುಮಾಸ್ತರು. ಕಾಟಾ ಎಂದರೆ ಲಾರಿಯನ್ನು ಲೋಡಿನ ಸಮೇತ ತೂಗುವ ದೊಡ್ಡ ತಕ್ಕಡಿ. ಜೀವನವಿಡೀ ತೂಗಿ ತೂಗಿ ಅವರ ಮಾತೂ ಹಾಗೆಯೇ ಆಗಿತ್ತು. ಏನು ಕೇಳಿದರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಳ್ಳು ನಿಂತ ಮೇಲೆ ಉತ್ತರ ಕೊಡುವರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಪ್ರತಿವರ್ಷ ರಿಟರ್ನ್ ತುಂಬಿಸಲು ಬರುವಾಗ ನನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತರುತ್ತಿದ್ದರು. ಫೀಗಿಂತ ನನಗೆ ಅದರ ಮೇಲೆಯೇ ಕಣ್ಣು.

ಅಕ್ಕನ ಒಂದು ನೇಮವಿತ್ತು. ಫಾರ್ಮಿನಲ್ಲಿ ಗಂಡನ ಹೆಸರು ಎಂಬ ಕಡೆ ನಾನು ಪೆನ್ನು ನಿಲ್ಲಿಸಿದರೆ, ಬಾಯಿ ಬಿಡದೆ ಚೀಲದಿಂದ ರೇಷನ್ ಕಾರ್ಡು ತೆಗೆದು ಬೆರಳಿಟ್ಟು ತೋರಿಸುವರು.

ಯಜಮಾನರು ನಿವೃತ್ತರಾದ ವರ್ಷ ನೆಟ್ ಬ್ಯಾಂಕಿಂಗ್ ಮಾಡಿಸಿಕೊಳ್ಳಲು ಇಬ್ಬರೂ ನನ್ನಲ್ಲಿಗೆ ಬಂದರು. ಪಾಸ್‌ವರ್ಡ್ ಹಾಕುವ ಹಂತ ಬಂದಾಗ ನಾನು ಶಾಸ್ತ್ರಪ್ರಕಾರ ಗೋಡೆಯ ಕಡೆ ತಿರುಗಿ ಕುಳಿತೆ. ಹಿಂದಿನಿಂದ ಯಜಮಾನರ ದನಿ ಬಂತು:

"ನನ್ನ ಹೆಸರು ಬರದೀನಿ ನೋಡ್ರಿ. ಅದರ ಮುಂದ ಒಂದು ಎರಡು ಮೂರು. ನಡೀತೈತೇನ್ರಿ?"

ನಾನು ಹಣೆ ಚಚ್ಚಿಕೊಂಡೆ. "ಪಾಸ್‌ವರ್ಡ್ ಯಾರಿಗೂ ಹೇಳಬಾರದು! ನನಗೂ ಹೇಳಬಾರದು! ಮತ್ತೆ ಸ್ವಂತ ಹೆಸರನ್ನಂತೂ ಇಡಲೇಬಾರದು. ಊರಿಗೆಲ್ಲ ಗೊತ್ತಿರುತ್ತದೆ."

ಅವರು ಎಂದಿನಂತೆ ಮುಳ್ಳು ನಿಲ್ಲುವವರೆಗೆ ಕಾದರು. "ಮಾರ್ಕೆಟ್ಟಿನ್ಯಾಗ ನನಗ ಕಾಟಾವಾಲೆ ಅಂತಾರ. ಬಿಲ್ಡಿಂಗಿನ್ಯಾಗ ಕಾಕಾ ಅಂತಾರ. ಮಗಳು ಬಾಬಾ ಅಂತಾಳ. ಈಕಿ ಅಂತೂ ಮದುವಿ ದಿನ ಒಡಪಿನ ಪದ್ಯದಾಗ ಸೇರಿಸಿ ಒಮ್ಮೆ ಹೇಳಿದ್ದು ಬಿಟ್ರ, ನಲವತ್ತು ವರ್ಷ ಆತು, ಬಾಯಿ ಬಿಟ್ಟಿಲ್ಲ. ನನ್ನ ಹೆಸರಿನಂಥ ಗುಟ್ಟಿನ ಮಾತು ಈ ಕಲ್ಯಾಣದಾಗ ಮತ್ತೊಂದು ಇಲ್ಲರಿ ಸಾಹೇಬ್ರ."

ನಾನು ಅಕ್ಕನ ಕಡೆ ನೋಡಿದೆ. "ಅಕ್ಕ, ನೀವಾದರೂ ಹೇಳಿ. ಇದು ಸರಿಯಾ?"

"ಅವರು ಇಟ್ಟಿದ್ದು ಇರ್ಲಿ ಬಿಡೋ ತಮ್ಮಾ. ನಾ ಅಂತೂ ಯಾರಿಗೂ ಹೇಳೂದಿಲ್ಲ. ಹೆಸರು ತಗೊಂಡ್ರ ಅವರ ಆಯುಷ್ಯ ಕಡಿಮಿ ಆಗತೈತಿ."

ಪಾಸ್‌ವರ್ಡ್ ಬಾಯಿಬಿಟ್ಟರೆ ದುಡ್ಡು ಹೋಗುತ್ತದೆ ಎಂದು ಬ್ಯಾಂಕಿನವರು ಹೆದರಿಸುತ್ತಾರೆ. ಗಂಡ ಹೋಗುತ್ತಾನೆ ಎಂದು ಹೆದರಿಸುವ ಧೈರ್ಯ ಇನ್ನೂ ಯಾವ ಬ್ಯಾಂಕಿಗೂ ಬಂದಿಲ್ಲ.

ಬಂಗುಡೆ ಪರೀಕ್ಷೆ

ತುರ್ಭೆಯಲ್ಲಿ ನಮ್ಮ ಊರಿನ ಕಡೆಯವರೊಬ್ಬರ ಮೀನೂಟದ ಹೋಟೆಲಿದೆ. ಸುತ್ತ ಕಾರ್ಖಾನೆ, ಗೋದಾಮು. ಮಧ್ಯಾಹ್ನ ಊಟದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಹೋಟೆಲಿನವರಿಗೆ ಒಂದು ಫೋನ್ ಬಂತು. ನಾನು ಇನ್‌ಕಮ್ ಟ್ಯಾಕ್ಸಿನ ಸಾಹೇಬ, ನಿನ್ನ ಹಳೆಯ ಫೈಲ್ ತೆರೆದಿದೆ, ಇವತ್ತೇ ದಂಡ ಕಟ್ಟದಿದ್ದರೆ ಸಂಜೆ ಪೊಲೀಸರು ಬರುತ್ತಾರೆ, ಕಾರ್ಡಿನ ನಂಬರ್ ಹೇಳು ಎಂದು ಆ ಕಡೆಯವನು ಹಿಂದಿಯಲ್ಲಿ ಗದರಿಸಿದ.

ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಇವರಿಗೆ ಸಾಹೇಬರೆಂದರೆ ಭಯವಲ್ಲ, ಅಭ್ಯಾಸ. "ಫೋನಿನಲ್ಲಿ ಎಂಥ ಮಾತು ಸಾಹೇಬರೇ? ಹೋಟೆಲಿಗೇ ಬನ್ನಿ, ಕೂತು ಮಾತಾಡುವ. ಇವತ್ತು ಬಂಗುಡೆ ಫ್ರೈ ಉಂಟು" ಎಂದರು.

ಆ ಕಡೆಯವನು ಫೋನ್ ಇಟ್ಟ. ಲೈನ್ ಕಟ್ಟಾಯಿತೆಂದು ಇವರೇ ತಿರುಗಿ ಮಾಡಿ, ಎಷ್ಟು ಮಂದಿ ಬರುತ್ತೀರಿ ಎಂದು ಕೇಳಿದರು. ಅವನು ಇಟ್ಟ. ಮತ್ತೆ ಮಾಡಿ, ಡ್ರೈವರನಿಗೆ ವೆಜ್ಜಾ ನಾನ್‌ವೆಜ್ಜಾ ಎಂದರು. ಮತ್ತೆ ಇಟ್ಟ. ಮೂಲೆಯ ಟೇಬಲ್ ಒರೆಸಿ, ಅದರ ಮೇಲೆ "ರಿಸರ್ವ್" ಎಂದು ಬೋರ್ಡಿಟ್ಟು, ಮೂರು ಗಂಟೆಯವರೆಗೆ ಕಾದರು. ಅಷ್ಟರಲ್ಲಿ ಆ ನಂಬರ್ ಸ್ವಿಚ್ ಆಫ್ ಆಗಿತ್ತು.

ಸಂಜೆ ನನ್ನ ಆಫೀಸಿಗೆ ಬಂದರು. ಮುಖದಲ್ಲಿ ಗಾಬರಿ ಇರಲಿಲ್ಲ, ಬೇಸರವಿತ್ತು. "ಮಾರಾಯ್ರೇ, ಅವ ಡುಪ್ಲಿಕೇಟ್."

ನನಗೆ ಆನಂದವಾಯಿತು. ವರ್ಷಗಟ್ಟಲೆ ಹೇಳಿದ ಪಾಠ ಒಬ್ಬರ ತಲೆಗಾದರೂ ಹತ್ತಿತಲ್ಲ! "ಹೇಗೆ ಗೊತ್ತಾಯಿತು? ಕಾರ್ಡಿನ ನಂಬರ್ ಕೇಳಿದನಲ್ಲ, ಅದರಿಂದಲಾ?"

"ಅದೆಲ್ಲ ನನಗೆ ಎಂಥ ಗೊತ್ತಾಗ್ತದೆ? ಹೋಟೆಲ್ ಇಟ್ಟು ಮೂವತ್ತು ವರ್ಷ ಆಯ್ತು. ಬಂಗುಡೆ ಫ್ರೈ ಉಂಟು ಅಂತ ಹೇಳಿದ ಮೇಲೆ ಫೋನ್ ಇಟ್ಟ ಸಾಹೇಬನನ್ನು ನಾನು ಇವತ್ತಿನವರೆಗೆ ನೋಡ್ಲಿಲ್ಲ."

ಐದು ಬೆರಳು

ನನ್ನ ಬುದ್ಧಿಮಾತಿನ ಕೀರ್ತಿ ಹಬ್ಬಿ, ಒಂದು ಭಾನುವಾರ ಡೊಂಬಿವಲಿಯ ಕನ್ನಡಿಗರು ಹಾಲ್ ಹಿಡಿದು ನನ್ನ ಭಾಷಣ ಇಟ್ಟರು. ಉಪ್ಪಿಟ್ಟು, ಶಿರಾ ಇದೆ ಎಂದು ಮೊದಲೇ ತಿಳಿಸಿದ್ದರಿಂದ ಜನ ಚೆನ್ನಾಗಿ ಬಂದಿದ್ದರು. ಕಲ್ಯಾಣದ ಅಕ್ಕ ಮತ್ತು ಯಜಮಾನರು ಮೊದಲ ಸಾಲಿನಲ್ಲಿದ್ದರು.

ಕಳ್ಳ ಇ-ಮೇಲ್ ಗುರುತಿಸುವುದಕ್ಕೆ ಐದು ಲಕ್ಷಣ ಎಂದು ನಾನು ಕೈ ಎತ್ತಿ ಬೆರಳು ಮಡಚಿದೆ. ನಿಮ್ಮ ಹೆಸರು ಹಿಡಿದು ಕರೆಯದೆ ಪ್ರಿಯ ಗ್ರಾಹಕರೇ ಎನ್ನುತ್ತದೆ. ತುರ್ತು ಎಂದು ಅವಸರಪಡಿಸುತ್ತದೆ. ದಂಡದ ಭಯವನ್ನೋ ದುಡ್ಡಿನ ಆಸೆಯನ್ನೋ ತೋರಿಸುತ್ತದೆ. ಒಂದು ಲಿಂಕ್ ಒತ್ತು ಎನ್ನುತ್ತದೆ. ನಿಮ್ಮ ಗುಟ್ಟಿನ ವಿವರ ಕೇಳುತ್ತದೆ. ಇಷ್ಟೂ ಕಂಡರೆ ಲಿಂಕ್ ಒತ್ತಬೇಡಿ, ಅಳಿಸಲೂ ಬೇಡಿ, ಮೊದಲು ರಿಪೋರ್ಟ್ ಮಾಡಿ ಎಂದು ಶಾಲೆಯ ಮಕ್ಕಳಂತೆ ಎಲ್ಲರ ಬಾಯಲ್ಲಿ ಮೂರು ಸಲ ಹೇಳಿಸಿದೆ. ಅಕ್ಕ ಅಂತೂ ಕಣ್ಣು ಮುಚ್ಚಿ ಸ್ತೋತ್ರದ ಹಾಗೆ ಹೇಳಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನ ಒಬ್ಬರು ಶಿರಾ ಎಷ್ಟೊತ್ತಿಗೆ ಎಂದು ಕೇಳಿದರು.

ಎರಡು ವಾರ ಕಳೆದು ಜುಲೈ ಕೊನೆ ಬಂತು. ಅರ್ಧ ಗಿರಾಕಿಗಳು ಇನ್ನೂ ಕಾಗದ ಕೊಟ್ಟಿರಲಿಲ್ಲ. ತಲೆಕೆಟ್ಟು, ಎಲ್ಲರಿಗೂ ಒಂದೇ ಸಲಕ್ಕೆ ಒಂದು ಮೇಲ್ ಬಿಟ್ಟೆ: "ಪ್ರಿಯ ಗ್ರಾಹಕರೇ, ತುರ್ತು! ಇನ್ನು ಮೂರೇ ದಿನ. ತಪ್ಪಿದರೆ ದಂಡ. ಕೆಳಗಿನ ಲಿಂಕ್ ಒತ್ತಿ ಪ್ಯಾನ್ ನಂಬರ್, ಜನ್ಮದಿನ, ಬ್ಯಾಂಕ್ ಖಾತೆಯ ವಿವರ ತುಂಬಿ."

ಸಂಜೆಯೊಳಗೆ ನನ್ನ ಮೇಲ್ ಖಾತೆ ಬಂದ್ ಆಯಿತು. ಏಕೆಂದು ತಿಳಿಯದೆ ಒದ್ದಾಡುತ್ತಿರುವಾಗ ನೆರೂಳದಿಂದ ನಿವೃತ್ತ ಮೇಷ್ಟರೊಬ್ಬರ ಫೋನ್ ಬಂತು. ಅವರೂ ಆ ದಿನ ಸಭೆಗೆ ಬಂದಿದ್ದರು.

"ಸರ್, ಗಾಬರಿಯಾಗಬೇಡಿ. ಯಾವನೋ ಕಳ್ಳ ನಿಮ್ಮ ಹೆಸರಿನಲ್ಲಿ ಮೇಲ್ ಬಿಟ್ಟಿದ್ದಾನೆ. ನೀವು ಹೇಳಿಕೊಟ್ಟ ಹಾಗೆ ಬೆರಳು ಮಡಚಿ ನೋಡಿದೆ, ಐದಕ್ಕೆ ಐದೂ ಇದ್ದವು! ಕೂಡಲೇ ರಿಪೋರ್ಟ್ ಮಾಡಿದೆ. ನನಗೆ ಗೊತ್ತಿದ್ದ ನಿಮ್ಮ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಅವರ ಕೈಯಲ್ಲೂ ಮಾಡಿಸಿದೆ."

ಅಷ್ಟು ಸಂತೋಷದಲ್ಲಿದ್ದ ಮನುಷ್ಯನಿಗೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ. ಬಹಳ ಉಪಕಾರವಾಯಿತು ಎಂದೆ. ಪಕ್ಕದಲ್ಲಿ ಎಲ್ಲ ಕೇಳಿಸಿಕೊಂಡ ಹೆಂಡತಿ, "ಇಷ್ಟು ವರ್ಷದಲ್ಲಿ ಮೊದಲ ಸಲ ನಿಮ್ಮ ಮಾತು ಜನ ಕೇಳಿದ್ದು" ಎಂದಳು.

ಒಡಪು

ಮರುವರ್ಷ ಕಲ್ಯಾಣದ ಯಜಮಾನರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಥಾಣೆ ಊರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ದಿನ ಇಟ್ಟರು. ಖರ್ಚಿಗೆ ಇದ್ದದ್ದು ನಿವೃತ್ತಿಯ ದುಡ್ಡೊಂದೇ, ಅದು ಇದ್ದದ್ದು ಆ ಒಂದೇ ಖಾತೆಯಲ್ಲಿ. ಅಕ್ಕ ರೊಟ್ಟಿ ತರುವುದನ್ನು ನಿಲ್ಲಿಸಿರಲಿಲ್ಲ, ಆದರೆ ಮಾತು ಕಡಿಮೆಯಾಗಿತ್ತು.

ಅದೇ ದಿನಗಳಲ್ಲಿ ಯಜಮಾನರಿಗೆ ಟ್ಯಾಕ್ಸ್ ರಿಫಂಡ್ ಎಂದು ಒಂದು ಮೇಲ್ ಬಂತು. ಆಸ್ಪತ್ರೆಗೆ ಆದೀತು ಎಂಬ ಆಸೆಗೆ, ಸೈಬರ್ ಕೆಫೆಯಲ್ಲಿ ಕೂತು ಬ್ಯಾಂಕಿನ ಹೆಸರು, ಗ್ರಾಹಕ ಸಂಖ್ಯೆ, ಮೊಬೈಲ್ ನಂಬರ್ ಎಲ್ಲ ತುಂಬಿದ್ದಾರೆ. ಪಾಸ್‌ವರ್ಡಿನ ಕಡೆ ಬರುವಷ್ಟರಲ್ಲಿ ಹೊಟ್ಟೆ ನೋವು ಬಂದು ಎದ್ದು ಮನೆಗೆ ಹೋಗಿದ್ದಾರೆ. ಕಳ್ಳರಿಗೆ ಇನ್ನು ಬೇಕಾಗಿದ್ದದ್ದು ಅದೊಂದೇ. ಖಾತೆಯಿಂದ ದುಡ್ಡು ಹೋಗುವ ಮುನ್ನ ಮೊಬೈಲಿಗೆ ನಂಬರ್ ಬರುವ ಪದ್ಧತಿ ಆಗ ಎಲ್ಲ ಕಡೆ ಇರಲಿಲ್ಲ. ಪಾಸ್‌ವರ್ಡ್ ಸಿಕ್ಕಿತೆಂದರೆ ಮುಗಿಯಿತು.

ಮಾರನೆಯ ದಿನ ಶುಕ್ರವಾರ. ರಿಟರ್ನಿಗೆ ಯಜಮಾನರ ಸಹಿ ಹಾಕಿಸಲು ನಾನೇ ಕಲ್ಯಾಣಕ್ಕೆ ಹೋದೆ. ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುತ್ತಿರುವಾಗ ಮೇಲಿನಿಂದ ಹೆಂಗಸರ ನಗು ಕೇಳಿಸಿತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಅಕ್ಕನ ಜೊತೆ ಬಿಲ್ಡಿಂಗಿನ ನಾಲ್ಕು ಮಂದಿ ಮರಾಠಿ ಹೆಂಗಸರು ಅರಿಸಿನ ಕುಂಕುಮ ಹಚ್ಚಿಕೊಂಡು ಕೂತಿದ್ದಾರೆ. ನಡುವೆ ಒಂದು ಮಣೆ, ಮಣೆಯ ಮೇಲೆ ಸ್ಪೀಕರ್ ಹಾಕಿದ ಮೊಬೈಲು.

ಆದದ್ದನ್ನು ಆಮೇಲೆ ಕೇಳಿ ತಿಳಿದೆ. ಯಜಮಾನರು ಔಷಧಿ ತೆಗೆದುಕೊಂಡು ಒಳಗೆ ಮಲಗಿದ್ದಾಗ ಫೋನ್ ಬಂದಿದೆ. ರಿಫಂಡ್ ಆಫೀಸಿನಿಂದ ಮಾತಾಡುವುದು, ಐದು ಗಂಟೆಯೊಳಗೆ ಪಾಸ್‌ವರ್ಡ್ ಹೇಳದಿದ್ದರೆ ದುಡ್ಡು ವಾಪಸ್ ಹೋಗುತ್ತದೆ ಎಂದಿದ್ದಾನೆ. ಅಕ್ಕ, "ಮಾಲೂಮ್ ಹೈ, ಲೇಕಿನ್ ಬೋಲ್ನೇಕಾ ನಹೀ" ಎಂದಿದ್ದಾರೆ, ಗೊತ್ತು ಆದರೆ ಹೇಳುವ ಹಾಗಿಲ್ಲ ಎಂದು. ಏಕೆ ಎಂದರೆ, ಅದು ನಮ್ಮ ಯಜಮಾನರ ಹೆಸರು ಎಂದಿದ್ದಾರೆ. ಹಾಗಾದರೆ ಯಜಮಾನರ ಹೆಸರೇನು ಎಂದರೆ, ಅದನ್ನೇ ಹೇಳಬಾರದು ಎಂದಿದ್ದಾರೆ. ಮೊದಲ ಅಕ್ಷರ ಹೇಳಿ ಎಂದರೆ, ಒಂದು ಅಕ್ಷರ ಹೇಳಿದರೂ ಅಷ್ಟು ಆಯುಷ್ಯ ಹೋದ ಹಾಗೆಯೇ ಎಂದಿದ್ದಾರೆ. ರೇಷನ್ ಕಾರ್ಡು ತೋರಿಸುತ್ತೇನೆ, ಬಂದು ನೋಡಿಕೊಂಡು ಹೋಗು ಎಂದೂ ಹೇಳಿದ್ದಾರೆ.

ಕಳ್ಳ ಈ ಕಡೆಯವನೇ ಇರಬೇಕು, ಚಾಲಾಕಿ. ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಒಡಪು ಅನ್ನುವುದನ್ನೇ ಮರಾಠಿಯವರು ಉಖಾಣಾ ಎನ್ನುತ್ತಾರೆ. "ಮಾವ್ಶೀ, ಮಗ್ ಉಖಾಣಾ ಘ್ಯಾ ನಾ!" ಎಂದು, ಒಡಪು ಹಾಕಿಯೇ ಹೇಳುವ ದಾರಿಯನ್ನು ಅವನೇ ತೋರಿಸಿದ್ದಾನೆ.

ಅಕ್ಕನಿಗೂ ಅದು ಸರಿ ಕಂಡಿದೆ. ಆದರೆ ಒಡಪನ್ನು ಒಬ್ಬರೇ ನಿಂತು ಹೇಳಿದರೆ ಶೋಭೆಯೇ? ಸ್ವಲ್ಪ ತಡಿ ಎಂದು ಅವನನ್ನು ಮಣೆಯ ಮೇಲೆ ಕೂರಿಸಿ ಅಕ್ಕಪಕ್ಕದ ಮುತ್ತೈದೆಯರನ್ನು ಕರೆದಿದ್ದಾರೆ. ಬಂದವರು ಸುಮ್ಮನೆ ಕೂರುವವರಲ್ಲ. ಹಿರಿಯರಿಂದ ಶುರುವಾಗಬೇಕು ಎಂದು ಕೆಳಮನೆಯ ಆಜಿ ತಮ್ಮ ಯಜಮಾನರ ಹೆಸರು ಹೇಳಿದ್ದಾರೆ. ಎರಡನೆಯವರು ಮರೆತು ಮೊದಲಿನಿಂದ ಹೇಳಿದ್ದಾರೆ. ಮೂರನೆಯವರದು ಎಂಟು ಸಾಲಿನ ಉಖಾಣಾ. ನಾನು ಬಾಗಿಲಿಗೆ ಬಂದಾಗ ನಾಲ್ಕನೆಯವರು ನಾಚುತ್ತಾ, "ಕಲ್ಯಾಣ್ ಲೋಕಲ್‌ಲಾ ಗರ್ದೀ ಫಾರ್…" ಎಂದು ತೆಗೆದು, ಲೋಕಲ್ ಗಾಡಿಯ ನೂಕುನುಗ್ಗಲಿಗೂ ಶುಕ್ರವಾರಕ್ಕೂ ಪ್ರಾಸ ಕೂಡಿಸಿ, ಗಂಡನ ಹೆಸರು ಹೇಳಿ ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಬೈಲಿನೊಳಗಿಂದಲೂ ಒಂದು ನಿಟ್ಟುಸಿರು ಬಂತು.

ಏನು ನಡೆಯುತ್ತಿದೆ ಎಂದು ನಾನು ನಗುತ್ತಾ ನಿಂತೆ. ಹಬ್ಬವೇನೋ ಅಂದುಕೊಂಡೆ. ಅಕ್ಕ ಸೆರಗು ಹೊದ್ದು, ಮೊಬೈಲಿನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಮುಖ ಅರಳಿಸಿ ಶುರುಮಾಡಿದರು:

"ಕಳಂಬೋಲಿ ಕಾಟಾದಾಗ ಕಬ್ಬಣ ತೂಗ್ಯಾರ,
ಕಲ್ಯಾಣದ ಮನಿಯಾಗ ಮಾತ ತೂಗ್ಯಾರ,
ನಲವತ್ತು ವರ್ಷ ನನ್ನ ಭಾರ ಹೊತ್ತಾರ,
ಯಾರಂದ್ರ ಅವರು ನಮ್ಮ…"

ಅಷ್ಟರಲ್ಲಿ ಮೊಬೈಲು, "ಹಾಂ ಮಾವ್ಶೀ, ಬೋಲಾ, ಪಾಸ್‌ವರ್ಡ್ ಬೋಲಾ!" ಎಂದಿತು.

ಕೈಯಲ್ಲಿದ್ದ ಫೈಲು ಬಿಟ್ಟು, "ಅಕ್ಕಾ, ಹೆಸರು ಹೇಳಬೇಡಿ!" ಎಂದು ಕಿರುಚಿದೆ.

ಅಕ್ಕ ಬಾಯಿ ತೆರೆದವರು ತೆರೆದಂತೆಯೇ ನಿಂತರು. ಒಡಪಿನ ಹೊತ್ತಿನಲ್ಲಿ ಹೆಸರು ಹೇಳು ಹೇಳು ಎಂದು ಕಾಡುವುದು ಲೋಕರೂಢಿ. ಹೇಳಬೇಡ ಎಂದು ಕೂಗಿದ ಗಂಡಸನ್ನು ಆ ಹೆಂಗಸರು ಹಿಂದೆಂದೂ ನೋಡಿರಲಿಲ್ಲ. ಆಜಿ ಅಂತೂ ನನ್ನನ್ನು ಹೊಡೆಯಲೆಂದೇ ಎದ್ದರು. ನಾನು ಅದ್ಯಾವುದನ್ನೂ ಲೆಕ್ಕಿಸದೆ ಮೊಬೈಲಿಗೆ ಕೈ ಹಾಕಿ, ಯಾರೋ ನೀನು ಎಂದು ಗುಡುಗಿದೆ.

ಆ ಕಡೆಯಿಂದ ಹಿಂದಿಯಲ್ಲಿ ದೀನವಾದ ದನಿ ಬಂತು. "ಭಾಯ್‌ಸಾಬ್, ಈಗ ಹೆಸರೊಂದು ಹೇಳಲು ಬಿಡಿ. ಪೂರಾ ಅರ್ಧ ಗಂಟೆ ಕೇಳಿದ್ದೇನೆ ನಾನು."

ಹೋದದ್ದು ಏನು?

ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ಸಿಟ್ಟು, ಮಾತು ತಡೆಯಲಿಲ್ಲ. "ಅಷ್ಟು ಹೇಳಿಕೊಟ್ಟಿದ್ದೆನಲ್ಲ ಅಕ್ಕ? ಐದು ಬೆರಳು ಮಡಚಿ ಮೂರು ಸಲ ಹೇಳಿಸಿದ್ದೆನಲ್ಲ?"

"ನೀ ಇ-ಮೇಲ್ ಬಗ್ಗೆ ಹೇಳಿದ್ದಿಪಾ. ಫೋನಿನ ಬಗ್ಗೆ ಎಲ್ಲಿ ಹೇಳಿದ್ದಿ?"

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ತಪ್ಪು ನನ್ನದೇ.

ಆದರೆ ಅಕ್ಕನ ಚಿಂತೆಯೇ ಬೇರೆ. ದುಡ್ಡು ಉಳಿಯಿತು ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. "ಅರ್ಧಕ್ಕ ನಿಂತ ಒಡಪು ಚಲೋ ಅಲ್ಲೋ ತಮ್ಮಾ. ಅದೂ ಆಪರೇಷನ್ ಮುಂದ ಇಟ್ಕೊಂಡು." ಹಾಗಾದರೆ ಈಗ ಹೇಳಿ ಮುಗಿಸಿಬಿಡಿ ಎಂದೆ. "ಒಮ್ಮೆ ಕಡಿದಿದ್ದನ್ನ ಹಂಗ ಗಂಟು ಹಾಕಾಕ ಬರೂದಿಲ್ಲ" ಎಂದರು. ನನ್ನ ಜೀವಮಾನದಲ್ಲಿ ನಾನು ತಡೆದ ಮೋಸ ಅದೊಂದೇ. ಅದಕ್ಕೂ ಒಂದು ಅಪಶಕುನ ಅಂಟಿಕೊಂಡಿತು.

ಬ್ಯಾಂಕಿಗೆ ಓಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿದೆವು. ಆ ಕಳ್ಳ ಮೇಲ್ ಅನ್ನು ಅಳಿಸದೆ, ಬಂದದ್ದು ಬಂದ ಹಾಗೆಯೇ ಬ್ಯಾಂಕಿಗೂ ಟ್ಯಾಕ್ಸಿನವರಿಗೂ ಕಳಿಸಿದೆ. ನಂತರ ಪೊಲೀಸ್ ಠಾಣೆಗೆ ಹೋದೆವು. ಬರೆದುಕೊಳ್ಳುವ ಹವಾಲ್ದಾರರು ಒಳ್ಳೆಯವರು, ಅಕ್ಕನಿಗೆ ಕುರ್ಚಿ ಕೊಟ್ಟು, "ಕಿತೀ ಗೇಲೇ?" ಎಂದು ಕೇಳಿದರು. ಎಷ್ಟು ಹೋಯಿತು ಎಂದು.

"ಏನೂ ಹೋಗಿಲ್ಲ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಏನೂ ಹೋಗದಿದ್ದರೆ ಈ ಸಾಲಿನಲ್ಲಿ ಏನು ಬರೆಯಲಿ?"

ಅಕ್ಕ ತಲೆ ಎತ್ತಿ ಮರಾಠಿಯಲ್ಲೇ ಹೇಳಿದರು: "ನನ್ನ ಉಖಾಣೆಯ ಕೊನೆಯ ಶಬ್ದ ಹೋಗಿದೆ. ಅದನ್ನ ಬರೀರಿ."

ಹವಾಲ್ದಾರರು ನಗಲಿಲ್ಲ. ಅವರಿಗೂ ಮನೆಯಲ್ಲಿ ತಾಯಿ ಇದ್ದಿರಬೇಕು. ಫೋನ್ ನಂಬರ್ ಬರೆದುಕೊಂಡು ಅರ್ಜಿಗೆ ಠಸ್ಸೆ ಹೊಡೆದು ಕೊಟ್ಟರು.

ಮನೆಗೆ ಬಂದು, ಬ್ಯಾಂಕಿನವರು ಹೊಸ ಪಾಸ್‌ವರ್ಡ್ ಇಡಲು ಹೇಳಿದ್ದಾರೆ, ಈ ಸಲವಾದರೂ ಹೆಸರು ಬೇಡ ಎಂದು ಯಜಮಾನರ ಕೈ ಹಿಡಿದುಕೊಂಡೆ. ಅವರು ಹಾಸಿಗೆಯಲ್ಲೇ ಮುಳ್ಳು ನಿಲ್ಲುವವರೆಗೆ ಕಾದರು.

"ಅಲ್ಲರಿ ಸಾಹೇಬ್ರ, ಅವ ಅರ್ಧ ತಾಸು ಬಡದಾಡಿದ. ಐದು ಮಂದಿ ಹೆಂಗಸರನ್ನ ಕೂಡಿಸಿದ. ಆದ್ರೂ ಸಿಕ್ತೇನು? ಇದಕ್ಕಿಂತ ಗಟ್ಟಿ ಪಾಸ್‌ವರ್ಡ್ ನೀವು ಎಲ್ಲಿಂದ ತರ್ತೀರಿ?"

ಹೆಸರು ಹಾಗೆಯೇ ಉಳಿಯಿತು. ಒಂದು ಎರಡು ಮೂರು ಇದ್ದದ್ದು ಮೂರು ಎರಡು ಒಂದು ಆಯಿತು.

ಕೊನೆಯ ಶಬ್ದ

ಆಪರೇಷನ್ನಿನ ದಿನ ನಾನೂ ಥಾಣೆಯ ಆಸ್ಪತ್ರೆಗೆ ಹೋಗಿದ್ದೆ. ಅವರ ಮಗಳು ನೆರೂಳದಿಂದ ಬೆಳಗಿನ ಮೊದಲ ಗಾಡಿಗೇ ಬಂದಿದ್ದಳು. ಆಸ್ಪತ್ರೆಯ ಕೌಂಟರಿನಲ್ಲಿ ಪೇಷಂಟ್ ಹೆಸರು ಎಂದರೆ ಅಕ್ಕ ರೇಷನ್ ಕಾರ್ಡು ತೋರಿಸಿದರು. ವಾರ್ಡಿನಲ್ಲಿ ನರ್ಸ್ ಕೇಳಿದಾಗಲೂ ರೇಷನ್ ಕಾರ್ಡು. ಅರಿವಳಿಕೆ ಕೊಡುವ ಡಾಕ್ಟರು ಕೇಳಿದಾಗಲೂ ಅದೇ. ತಾಯಿ ಮೂಕಿಯೇ ಎಂದು ಅವರು ಮಗಳನ್ನು ಮೆಲ್ಲಗೆ ವಿಚಾರಿಸಿದರು.

ಯಜಮಾನರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅಕ್ಕ ಬೆಂಚಿನ ಮೇಲೆ ಕೂತು ಏನನ್ನೋ ಗುನುಗುತ್ತಿದ್ದರು. ದೇವರ ನಾಮ ಎಂದುಕೊಂಡೆ. ಕಿವಿಗೊಟ್ಟರೆ, "ಕಳಂಬೋಲಿ ಕಾಟಾದಾಗ…" ಕೊನೆಯ ಸಾಲಿಗೆ ಬಂದು ನಿಲ್ಲುವುದು, ಮತ್ತೆ ಮೊದಲಿಂದ ಶುರು. ನನಗೆ ಮುಖ ಎತ್ತಲಾಗಲಿಲ್ಲ. ಆ ಒಡಪನ್ನು ಅಲ್ಲಿ ನಿಲ್ಲಿಸಿದವನು ನಾನು. ಶಕುನ ಗಿಕುನ ನಂಬುವವನಲ್ಲ. ಆದರೂ ಆ ನಾಲ್ಕು ಗಂಟೆ ನನ್ನ ಓದು, ಬುದ್ಧಿ ಯಾವುದೂ ನನ್ನ ಸಹಾಯಕ್ಕೆ ಬರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೇಳಿದರು. ಆದರೆ ಎಚ್ಚರವಾಗುವ ಹೊತ್ತು ಮೀರಿದರೂ ಯಜಮಾನರು ಕಣ್ಣು ತೆರೆಯಲಿಲ್ಲ. ಒಂದು ಗಂಟೆ, ಎರಡು ಗಂಟೆ. ಕೊನೆಗೆ ನಮ್ಮನ್ನು ಒಳಗೆ ಬಿಟ್ಟರು. ಮಗಳು ಅವರ ಕೈ ಹಿಡಿದು, "ಬಾಬಾ, ಉಠಾ ನಾ ಬಾಬಾ" ಎಂದು ಅತ್ತಳು. ರೆಪ್ಪೆ ಅಲುಗಲಿಲ್ಲ.

"ಬಾಬಾ ಅಂತ ಅಲ್ಲ" ಎಂದರು ಡಾಕ್ಟರು ಹಿಂದಿಯಲ್ಲಿ. "ಹೆಸರು ಹಿಡಿದು ಕರೆಯಿರಿ. ಅರಿವಳಿಕೆ ಇಳಿಯುವಾಗ ಮನುಷ್ಯ ಮೊದಲು ತನ್ನ ಹೆಸರಿಗೇ ಓಗೊಡುವುದು. ಚೆನ್ನಾಗಿ ಪರಿಚಯವಿದ್ದ ದನಿಯಾದರೆ ಒಳ್ಳೆಯದು."

ಎಲ್ಲರೂ ಅಕ್ಕನ ಕಡೆ ನೋಡಿದೆವು.

ಅಕ್ಕ ಹತ್ತಿರ ಹೋಗಿ, "ಏನ್ರೀ" ಎಂದರು. ಇಲ್ಲ. "ರೀ, ಇಲ್ಲೆ ಕೇಳ್ರಿ" ಎಂದರು. ಇಲ್ಲ. ಹೆಸರು, ಹೆಸರು ಎಂದರು ಡಾಕ್ಟರು. ಅಕ್ಕ ನನ್ನ ಕಡೆ ತಿರುಗಿದರು. ಎಷ್ಟೋ ಬಗೆಯ ಫಾರ್ಮು ಹಿಡಿದು ಬಂದು ಹೀಗೆ ಮಾಡಲೇನೋ ತಮ್ಮಾ ಎಂದು ಕೇಳುವಾಗ ನೋಡುತ್ತಿದ್ದರಲ್ಲ, ಹಾಗೆಯೇ ನೋಡಿದರು.

"ಹೇಳಿ ಅಕ್ಕ" ಎಂದೆ. "ಈ ಸಲ ನಾನು ತಡೆಯುವುದಿಲ್ಲ."

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅರಿಸಿನ ಕುಂಕುಮವಿಲ್ಲ, ಮಣೆಯಿಲ್ಲ, ಮುತ್ತೈದೆಯರಿಲ್ಲ. ಇಬ್ಬರು ನರ್ಸುಗಳು, ಒಬ್ಬ ಡಾಕ್ಟರು, ಮಗಳು, ನಾನು. ಗಂಡನ ಕಿವಿಯ ಹತ್ತಿರ ಬಗ್ಗಿ ಶುರುಮಾಡಿದರು. ಕಳಂಬೋಲಿ ಬಂತು, ಕಲ್ಯಾಣ ಬಂ‍ತು. ನಲವತ್ತು ವರ್ಷದ ಭಾರ ಎನ್ನುವಲ್ಲಿ ದನಿ ಒಡೆಯಿತು. "ಯಾರಂದ್ರ ಅವರು ನಮ್ಮ" ಎಂದು ನಿಂತರು. ಅಕ್ಕ ಕಣ್ಣು ಮುಚ್ಚಿ, ನಲವತ್ತು ವರ್ಷ ಬಾಯೊಳಗೆ ಕೂಡಿಟ್ಟಿದ್ದ ಆ ಹೆಸರನ್ನು ಇಡೀ ವಾರ್ಡಿಗೆ ಕೇಳಿಸುವ ಹಾಗೆ ಕೂಗಿ ಹೇಳಿದರು.

ಯಜಮಾನರ ರೆಪ್ಪೆ ಅಲುಗಿತು. ತುಟಿ ಅಲುಗಿತು. ಅಕ್ಕ ಅಳುತ್ತಾ ನಗುತ್ತಾ ಅವರ ಬಾಯಿಗೆ ಕಿವಿ ಹಚ್ಚಿದರು. ಮುಳ್ಳು ನಿಲ್ಲುವವರೆಗೆ ನಾವೆಲ್ಲ ಕಾದೆವು.

"ಮೆಲ್ಲಕ ಹೇಳ" ಎಂದರು ಯಜಮಾನರು. "ಪಾಸ್‌ವರ್ಡ್ ಐತಿ ಅದು."